ಸನ್ಮಾನದ ಪಟ್ಟಿ ಬರೆದವನು ನಾನು

ಸ್ವಾತಂತ್ರ್ಯ ಬರುವ ಮುಂಚೆ, ಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ ನಾನು ದೊಡ್ಡಬಳ್ಳಾಪುರದ ಸ್ಕೂಲೊಂದರಲ್ಲಿ ಮೇಷ್ಟ್ರಾಗಿದ್ದೆ. ವಯಸ್ಸು ಮೂವತ್ತೈದು ದಾಟಿರಲಿಲ್ಲ, ಆದರೂ ಸದಾ ದಣಿದಿರುತ್ತಿದ್ದೆ. ಪಾಠ ಮುಗಿದ ಮೇಲೆ ರೇಷನ್ ಕಾರ್ಡು ಬರೆಯುವುದು, ಮನೆಮನೆಗೆ ಹೋಗಿ ತಲೆ ಎಣಿಸುವುದು, ಪ್ಲೇಗಿನ ಸೂಜಿ ಹಾಕಿಸಿಕೊಂಡವರ ಹೆಸರು ಗುರುತು ಮಾಡುವುದು, ಎಲ್ಲವೂ ಮೇಷ್ಟ್ರುಗಳ ತಲೆಗೇ ಬರುತ್ತಿತ್ತು. ಅದರಲ್ಲೂ ನನ್ನ ಅಕ್ಷರ ದುಂಡಗಿತ್ತು. ತಾಲ್ಲೂಕು ಕಚೇರಿಯಲ್ಲಿ ಏನಾದರೂ ಚೆನ್ನಾಗಿ ಬರೆಸಬೇಕು ಎಂದಾದಾಗ ಅಲ್ಲಿಯ ಜವಾನ ನೇರವಾಗಿ ನನ್ನ ತರಗತಿಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದ.

ಒಂದು ಮಧ್ಯಾಹ್ನ ಹಾಗೆಯೇ ಬಂದ. ಹೋದೆ. ಅಮಲ್ದಾರರು ಮೇಜಿನ ಮೇಲಿನ ಕಾಗದದಿಂದ ತಲೆ ಎತ್ತದೆ ಹೇಳಿದರು.

“ನೋಡ್ರಿ ಮೇಷ್ಟ್ರೇ, ಮುಂದಿನ ತಿಂಗಳು ದೊಡ್ಡ ಸಾಹೇಬರು ಬರ್ತಾರೆ. ಕಲೆ ಗೊತ್ತಿರೋ ಹಳ್ಳಿ ಜನ, ಕಸುಬು ಮಾಡೋರು, ಅಂಥ ಒಂದು ಮೂರು ಜನಕ್ಕೆ ಸನ್ಮಾನ ಮಾಡ್ಬೇಕು. ಒಂದೇ ಜಾತಿಯೋರು ಬೇಡ. ಬೇರೆ ಬೇರೆಯೋರನ್ನ ನೋಡಿ ಪಟ್ಟಿ ಕೊಡಿ. ಬಿನ್ನವತ್ತಳೆನೂ ನೀವೇ ಬರೀರಿ.”

ನಾನು ಆಗಲಿ ಎಂದೆ. ಆಗುವುದಿಲ್ಲ ಎನ್ನುವ ಅಭ್ಯಾಸ ನನಗಿರಲಿಲ್ಲ.

ಮೊದಲ ಹೆಸರಿಗಾಗಿ ದೂರ ಹೋಗಬೇಕಾಗಿರಲಿಲ್ಲ. ನಮ್ಮ ಬೀದಿಯ ಹಿಂದೆಯೇ ಒಬ್ಬ ನೇಕಾರ ಸಾಬರಿದ್ದರು. ಅವರು ನೇಯ್ದ ರೇಷ್ಮೆ ಅಂಚಿನ ಸೀರೆಗೆ ಬೆಂಗಳೂರಿನ ಪೇಟೆಯಲ್ಲಿ ಹೆಸರಿತ್ತು. ನಾನು ಹೋದಾಗ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಮಗ್ಗದ ಮೇಲೆ ನೂಲಿರಲಿಲ್ಲ. ಯುದ್ಧಕ್ಕೆ ಬಟ್ಟೆ ಬೇಕೆಂದು ನೂಲೆಲ್ಲ ಎಲ್ಲೆಲ್ಲಿಗೋ ಹೋಗುತ್ತಿದ್ದ ಕಾಲ ಅದು. ನಾನು ಬಂದ ವಿಷಯ ಹೇಳಿದೆ.

“ಮಗ್ಗ ಸುಮ್ನೆ ಕೂತು ದಿವ್ಸ ಎಷ್ಟಾಯ್ತೋ, ಲೆಕ್ಕ ಬಿಟ್ಬಿಟ್ಟಿದೀನಿ ಮೇಷ್ಟ್ರೇ,” ಎಂದರು. “ನೇಯೋದು ನಿಂತ್ಹೋದ ಮೇಲೆ ನೇಕಾರನಿಗೆ ಸನ್ಮಾನವಾ? ಆಗ್ಲಿ, ಬರ್ತೀನಿ. ನೀವು ಮನೆ ತನಕ ಬಂದಿದೀರಿ.”

ಎರಡನೆಯವರು ನಮ್ಮ ತಾಲ್ಲೂಕಿನದೇ ಊರಾದ ಮಧುರೆಯ ಹತ್ತಿರ, ಕೆರೆಯ ಏರಿಯ ಕೆಳಗೆ ಗುಡಿಸಲು ಹಾಕಿಕೊಂಡಿದ್ದ ತೊಗಲುಗೊಂಬೆಯವರು. ನಮ್ಮ ಕಡೆ ಅವರನ್ನು ಗೊಂಬೇರಾಮರು ಎನ್ನುತ್ತಾರೆ. ಮನೆಯೊಳಗೆ ಮರಾಠಿಯನ್ನು ಹೋಲುವ ಒಂದು ಮಾತು, ಆಟದಲ್ಲಿ ಕನ್ನಡ, ನಡುನಡುವೆ ತೆಲುಗು. ಅವರ ಆಟವನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಪರದೆಯ ಮೇಲೆ ಬಣ್ಣಬಣ್ಣದ ರಾಮ, ರಾವಣ, ಕಪಿಗಳು. ಸೀತೆ ಅಳುವಾಗ ಹೆಂಗಸರೆಲ್ಲ ಸೆರಗು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು.

ಶನಿವಾರ ಸ್ಕೂಲು ಬಿಟ್ಟ ಮೇಲೆ ನಡೆದುಕೊಂಡು ಹೋದೆ. ರಾಗಿ ಹೊಲಗಳ ನಡುವಿನ ದಾರಿ. ತಲುಪುವ ಹೊತ್ತಿಗೆ ಮಂಡಿ ನೋಯುತ್ತಿತ್ತು. ಗುಡಿಸಲಿನ ಮುಂದೆ ಅರವತ್ತರ ಆಸುಪಾಸಿನ ಗಂಡಸು ಒಂದು ಗೊಂಬೆಯ ಹರಿದ ತೋಳನ್ನು ಹೊಲಿಯುತ್ತಿದ್ದ. ಪಕ್ಕದಲ್ಲಿ ಅವನ ಹೆಂಡತಿ ಮೇಕೆ ತೊಗಲೊಂದನ್ನು ಹರವಿಕೊಂಡು ಉಜ್ಜುತ್ತಿದ್ದಳು. ಆ ಗಂಡಸಿನ ಹೆಸರು, ತಂದೆಯ ಹೆಸರು, ಎಷ್ಟು ತಲೆಮಾರಿನ ಕಸುಬು, ಎಲ್ಲ ಕೇಳಿ ಬರೆದುಕೊಂಡೆ. ನನ್ನ ಒಂದೊಂದು ಪ್ರಶ್ನೆಗೂ ಅವನು ಹೆಂಡತಿಯ ಕಡೆ ನೋಡುತ್ತಿದ್ದ. ಅವಳು ಹೇಳುತ್ತಿದ್ದಳು, ಅವನು ಅದನ್ನೇ ತಿರುಗಿ ನನಗೆ ಹೇಳುತ್ತಿದ್ದ. ಅದರ ಅರ್ಥ ನನಗೆ ಆಗ ಹೊಳೆಯಲಿಲ್ಲ. ಅವಳ ಹೆಸರನ್ನು ನಾನು ಕೇಳಲೇ ಇಲ್ಲ.

ಮೂರನೆಯವನು ರಾಜಘಟ್ಟದ ಹತ್ತಿರದ ಒಂದು ಹಳ್ಳಿಯ ತಮಟೆಯವನು. ಊರಾಚೆಯ ಕೇರಿಯಲ್ಲಿ ಅವನ ಮನೆ. ಐವತ್ತು ದಾಟಿದ, ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಅವನು ತಮಟೆ ಹಿಡಿದರೆ ಸುತ್ತಿನ ಹಳ್ಳಿಗಳಲ್ಲಿ ಹೆಜ್ಜೆ ಹಾಕದೆ ನಿಲ್ಲುವವರು ಯಾರೂ ಇರಲಿಲ್ಲ. ನಾನು ಕೇರಿಗೆ ಹೋದದ್ದು ಅದೇ ಮೊದಲು. ನಮ್ಮದು ಒಕ್ಕಲುತನದ ಮನೆ. ನಮ್ಮ ಹೊಲದಲ್ಲಿ ಆ ಕೇರಿಯ ಜನ ದುಡಿಯುತ್ತಿದ್ದರು, ನಾವು ಮಾತ್ರ ಅತ್ತ ಹೋಗುತ್ತಿರಲಿಲ್ಲ.

“ನನ್ನ ಕರೀತವ್ರಾ, ಬುದ್ಧಿ?” ಎಂದು ಕೇಳಿದ. “ಬಾರ್ಸಕ್ಕೋ, ಇಲ್ಲ ಸನ್ಮಾನಕ್ಕೋ?”

“ಸನ್ಮಾನಕ್ಕೇ ಕಣಪ್ಪಾ. ಕುರ್ಚಿ ಹಾಕಿ ಕೂರಿಸ್ತಾರೆ, ಶಾಲು ಹೊದಿಸ್ತಾರೆ.”

ಅವನು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. “ಸರಿ ಬುದ್ಧಿ. ನೀವು ಹೇಳ್ತೀರಿ ಅಂದ್ಮೇಲೆ ಬತ್ತೀನಿ,” ಎಂದ.

ಹೀಗೆ ಪಟ್ಟಿ ಮುಗಿಯಿತು. ಮೂರು ಬಿನ್ನವತ್ತಳೆಗಳನ್ನು ಬಣ್ಣದ ಶಾಯಿಯಲ್ಲಿ, ಸುತ್ತ ಬಳ್ಳಿ ಎಳೆದು ಬರೆದೆ. ಬರೆದು ಮುಗಿಸಿದಾಗ ಬೆರಳು ಮಡಿಸಲು ಬರುತ್ತಿರಲಿಲ್ಲ. ಇಷ್ಟಾದರೂ ಒಂದು ಒಳ್ಳೆಯ ಕೆಲಸ ಮಾಡಿದೆ ಎಂಬ ಸಮಾಧಾನ ನನಗಿತ್ತು.

ಸಭೆಯ ದಿನ ಸ್ಕೂಲಿನ ಬಯಲಿನಲ್ಲಿ ಚಪ್ಪರ ಹಾಕಿದ್ದರು. ಹಲಗೆ ಜೋಡಿಸಿ ಒಂದು ಎತ್ತರದ ಕಟ್ಟೆ. ಅದರ ಮೇಲೆ ಸಾಹೇಬರ ಕುರ್ಚಿ, ಅಮಲ್ದಾರರ ಕುರ್ಚಿ, ಬದಿಗೆ ನಮ್ಮ ಮೂವರಿಗೆಂದು ಮೂರು ಮರದ ಕುರ್ಚಿ. ಬೆಳಿಗ್ಗೆ ನಾನೇ ಅವನ್ನು ಒರೆಸಿ ಇಟ್ಟಿದ್ದೆ. ಸ್ವಲ್ಪ ಹೊತ್ತಿನ ಮೇಲೆ ನೋಡಿದಾಗ ಎರಡೇ ಇದ್ದವು. ಊರಿನ ಇಬ್ಬರು ಹಿರಿಯರು ಅಮಲ್ದಾರರ ಜೊತೆ ಮಾತಾಡಿ ಹೋಗಿದ್ದರಂತೆ. ತಮಟೆಯವನು ಕಟ್ಟೆ ಹತ್ತುವುದಾದರೆ ತಾವು ಸಭೆಗೆ ಬರುವುದಿಲ್ಲ ಎಂದಿದ್ದರಂತೆ.

“ಅವನು ಕೆಳಗೇ ನಿಲ್ಲಲಿ ಬಿಡ್ರಿ,” ಎಂದರು ಅಮಲ್ದಾರರು ನನಗೆ. “ಶಾಲು ಕೊಟ್ರೆ ಆಯ್ತಲ್ಲ. ಈಗ ಗಲಾಟೆ ಬೇಡ. ಸಾಹೇಬರು ಬರೋ ಹೊತ್ತಾಯ್ತು, ಅವನನ್ನ ರಸ್ತೆ ಬದೀಲಿ ನಿಲ್ಲಿಸಿ, ಕಾರು ಬಂದ ತಕ್ಷಣ ಬಾರಿಸ್ಲಿ.”

ಆಗ ನಾನು ಏನಾದರೂ ಹೇಳಬೇಕಾಗಿತ್ತು. ಹೇಳಲಿಲ್ಲ. ಹೋಗಿ ತಮಟೆಯವನಿಗೆ, ಸಾಹೇಬರನ್ನು ಎದುರುಗೊಳ್ಳಲು ಸ್ವಲ್ಪ ಬಾರಿಸಬೇಕಂತೆ ಎಂದಷ್ಟೇ ಹೇಳಿದೆ. ಅವನು ಹಿಂದೆ ಕೇಳಿದ್ದ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ತಮಟೆ ತೆಗೆದುಕೊಂಡು ರಸ್ತೆಗೆ ನಡೆದ.

ಸಾಹೇಬರ ಕಾರು ಬರಲಿಲ್ಲ. ಮೋಡ ಕವಿದು ಗಾಳಿ ತಣ್ಣಗಾಗಿತ್ತು. ಅಂಥ ಹವೆಗೆ ತಮಟೆಯ ತೊಗಲು ಸಡಿಲವಾಗಿ ಸದ್ದು ಸತ್ತುಹೋಗುತ್ತದೆ. ಹುಲ್ಲಿಗೆ ಬೆಂಕಿ ಹಚ್ಚಿ ಕಾಯಿಸಿದರೆ ಮತ್ತೆ ಬಿಗಿಯಾಗುತ್ತದೆ. ದೂರದಲ್ಲಿ ಧೂಳೆದ್ದರೆ ಸಾಕು, ಯಾರಾದರೂ ಓಡಿಬಂದು ಕಾರು ಬಂತು, ಬಾರಿಸು ಎನ್ನುತ್ತಿದ್ದರು. ಅವನು ಅವಸರದಲ್ಲಿ ಕಾಯಿಸಿ ಬಾರಿಸುತ್ತಿದ್ದ. ಹತ್ತಿರ ಬಂದರೆ ಅದು ಎತ್ತಿನ ಗಾಡಿಯೋ, ಪೆಟ್ರೋಲು ಸಿಗದೆ ಇದ್ದಿಲಿನಲ್ಲಿ ಓಡುತ್ತಿದ್ದ ಬೆಂಗಳೂರಿನ ಬಸ್ಸೋ ಆಗಿರುತ್ತಿತ್ತು. ಹೀಗೆ ಬೆಳಗಿನಿಂದ ಮಧ್ಯಾಹ್ನದವರೆಗೆ ಎಷ್ಟು ಸಲ ಕಾಯಿಸಿದನೋ. ಹುಲ್ಲು ಮುಗಿದಾಗ ನಾನು ಗಾಡಿಯವನೊಬ್ಬನನ್ನು ಕೇಳಿ ಒಂದು ಹಿಡಿ ತಂದುಕೊಟ್ಟೆ. ಅಷ್ಟು ಮಾತ್ರ ನನ್ನಿಂದಾಯಿತು.

ಕೊನೆಗೆ ನಿಜವಾದ ಕಾರು ಬಂದಾಗ ಅವನು ಎರಡು ಸುತ್ತು ಬಾರಿಸಿದ. ಮೂರನೆಯ ಸುತ್ತಿನಲ್ಲಿ ತೊಗಲು ಅಂಚಿನಿಂದ ನಡುವಿನವರೆಗೆ ಸೀಳಿತು. ಸದ್ದು ಅಲ್ಲಿಗೆ ನಿಂತಿತು. ಸಾಹೇಬರು ಅದನ್ನು ಗಮನಿಸದೆ ಚಪ್ಪರದೊಳಗೆ ಹೋದರು. ಅವನು ಸೀಳಿದ ಜಾಗವನ್ನು ಎರಡು ಬೆರಳಿನಿಂದ ಕೂಡಿಸಿ ನೋಡಿದ, ಬಿಟ್ಟ.

ಅಷ್ಟರಲ್ಲಿ ಇನ್ನೊಂದು ತೊಡಕಾಗಿತ್ತು. ನೇಕಾರ ಸಾಬರು ಬಂದಿರಲಿಲ್ಲ. ಮನೆಗೆ ಕಳಿಸಿದ ಜವಾನ ಅವರ ಮಾತನ್ನೇ ತಂದಿದ್ದ. “ನೂಲು ಬಂದೈತಂತೆ, ಸಾಲಲ್ಲಿ ನಿಂತಿದೀನಿ. ಹಾರ ನಾಳೆ ಹಾಕಿದ್ರೂ ಆಯ್ತದೆ, ನೂಲು ನಾಳೆ ಸಿಕ್ಕಲ್ಲ ಅಂತ ಮೇಷ್ಟ್ರಿಗೆ ಹೇಳು” ಎಂದಿದ್ದರಂತೆ. ಅದರಲ್ಲಿ ತಪ್ಪು ಹುಡುಕಲು ನನಗೆ ಸಾಧ್ಯವಾಗಲಿಲ್ಲ.

ಅಮಲ್ದಾರರು ಹಲ್ಲು ಕಚ್ಚಿ, “ಆ ಕುರ್ಚಿ ಖಾಲಿ ಕಾಣಬಾರದು. ಯಾರನ್ನಾದ್ರೂ ಕೂರಿಸ್ರಿ,” ಎಂದರು.

ನಾನು ಕೆಳಗೆ ನೋಡಿದೆ. ಗೊಂಬೆಯವನ ಹೆಂಡತಿ ಗೊಂಬೆಗಳ ಬಿದಿರು ಪೆಟ್ಟಿಗೆಯನ್ನು ತಬ್ಬಿಕೊಂಡು ಹೆಂಗಸರ ಕೊನೆಯಲ್ಲಿ ಕೂತಿದ್ದಳು. ಮಧುರೆಯಿಂದ ಆ ಪೆಟ್ಟಿಗೆ ಹೊತ್ತು ನಡೆದುಕೊಂಡು ಬಂದವಳು ಅವಳೇ. ಒಂದು ಕ್ಷಣ ತಮಟೆಯವನ ಕಡೆಗೂ ನೋಡಿದೆ, ಹಿರಿಯರ ಕಡೆಗೂ ನೋಡಿದೆ. ಆಮೇಲೆ ಹೋಗಿ ಆಕೆಯನ್ನು ಕರೆದೆ.

“ಬಾರಮ್ಮಾ, ಮೇಲೆ ಬಂದು ಕೂತ್ಕೋ.”

“ನಾನ್ಯಾಕೆ ಸ್ವಾಮಿ? ನಮ್ಮೆಜಮಾನ್ರು ಕೂತವ್ರಲ್ಲ.”

“ಪರವಾಗಿಲ್ಲ, ಬಾ.”

ಅವಳು ಪೆಟ್ಟಿಗೆಯ ಸಮೇತ ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಸಾಹೇಬರು ಯುದ್ಧದ ಬಗ್ಗೆ, ಉಳಿತಾಯದ ಬಗ್ಗೆ ಮಾತಾಡಿದರು. ಆಮೇಲೆ ಶಾಲುಗಳು ಬಂದವು. ಗೊಂಬೆಯವನಿಗೆ ಹೊದಿಸಿದರು. ಅವಳಿಗೆ ಶಾಲು ಹೊದಿಸುವಾಗ ಗುಮಾಸ್ತ ನೇಕಾರ ಸಾಬರ ಬಿನ್ನವತ್ತಳೆಯನ್ನೇ ಎತ್ತಿಕೊಂಡು ಗಟ್ಟಿಯಾಗಿ ಓದತೊಡಗಿದ. ರೇಷ್ಮೆ, ಅಂಚು, ಲಾಳಿ ಎಂದೆಲ್ಲ ಬಂದಾಗ ಜನ ನಕ್ಕರು. ಅವಳು ತಲೆ ತಗ್ಗಿಸಿದಳು.

ತಮಟೆಯವನ ಶಾಲನ್ನು ಜವಾನ ಕಟ್ಟೆಯ ಅಂಚಿಗೆ ತಂದು ಕೆಳಕ್ಕೆ ನೀಡಿದ. ಅವನು ಎರಡೂ ಕೈ ಚಾಚಿ ತೆಗೆದುಕೊಂಡು, ಮಡಿಕೆ ಬಿಚ್ಚದೆ, ಸೀಳಿದ ತಮಟೆಯ ಮೇಲಿಟ್ಟುಕೊಂಡು ನಿಂತ.

ಸಾಹೇಬರು ಕೈಗಡಿಯಾರ ನೋಡಿ, “ಗೊಂಬೆಯಾಟ ಒಂದೈದು ನಿಮಿಷ ತೋರಿಸ್ತಾರೇನು?” ಎಂದು ಕೇಳಿದರು.

ಹಾಡುಹಗಲು. ಪರದೆಯಿಲ್ಲ, ದೀಪವಿಲ್ಲ. ಗೊಂಬೆಯವನು ಅತ್ತಿತ್ತ ನೋಡಿದ. ಆ ಹೊತ್ತಿಗೆ ಮೋಡ ಸ್ವಲ್ಪ ಸರಿದು ಚಪ್ಪರದ ಸಂದಿಯಲ್ಲಿ ಬಿಸಿಲು ಇಳಿದಿತ್ತು. ಅವನು ಪೆಟ್ಟಿಗೆ ತೆರೆದು ಸೀತೆಯ ಗೊಂಬೆಯನ್ನು ತೆಗೆದು ಆ ಬಿಸಿಲಿಗೆ ಅಡ್ಡ ಹಿಡಿದ. ತೆಳ್ಳನೆಯ ತೊಗಲಿನೊಳಗಿಂದ ಕೆಂಪು, ಹಸಿರು ಬೆಳಕು ಬಂದು ಹಲಗೆಯ ಮೇಲೆ ಬಿತ್ತು. ಆದರೆ ಅವನ ಬಾಯಿಂದ ಹಾಡು ಬರಲಿಲ್ಲ. ಹೆಂಡತಿಯ ಕಡೆ ನೋಡಿದ. ಅವಳು ಕೂತಲ್ಲಿಂದಲೇ ಕಣ್ಣು ಮುಚ್ಚಿ ಹಾಡಿದಳು.

ನಾನು ಚಿಕ್ಕಂದಿನಿಂದ ಕೇಳಿದ್ದ ಸೀತೆಯ ದನಿ ಅದು. ಹೆಂಗಸರ ಸಾಲಿನಲ್ಲಿ ಯಾರೋ ಮುದುಕಿ ಪಕ್ಕದವಳಿಗೆ, “ಇವಳೇನೇ, ಇಷ್ಟು ವರ್ಷ ಅಳ್ತಿದ್ದೋಳು?” ಎಂದಳು. ಪರದೆಯ ಹಿಂದಿನ ಆ ದನಿಗೆ ಒಂದು ಮುಖ ಇದೆಯೆಂದು ಅಲ್ಲಿದ್ದ ಬಹಳ ಜನಕ್ಕೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಆಟದಲ್ಲಿ ಅರ್ಧಕ್ಕಿಂತ ಹೆಚ್ಚು ಅವಳದ್ದು. ನಾನು ಅವಳ ಹೆಸರನ್ನೇ ಬರೆದಿರಲಿಲ್ಲ.

ಹಾಡು ಮುಗಿಯುವ ಮುಂಚೆ ಸಾಹೇಬರು ಎದ್ದರು. ಅವರು ಇನ್ನೊಂದು ಊರಿಗೆ ಹೋಗಬೇಕಾಗಿತ್ತು. ತಮಟೆಯವನನ್ನು ಹುಡುಕಿದೆ. ಹೊರಟುಹೋಗಿದ್ದ. ಅವನ ಬಿನ್ನವತ್ತಳೆ ಮೇಜಿನ ಮೇಲೆ ಹಾಗೇ ಉಳಿದಿತ್ತು.

ಆಮೇಲಿನ ವಾರ ನನಗೆ ಜ್ವರ ಬಂತು. ಮಲಗಿದ್ದಾಗ ಬೇರೆ ಏನೂ ತೋಚದೆ ಇದನ್ನೇ ಯೋಚಿಸಿದೆ. ಎದ್ದ ಮೇಲೆ ಗೊಂಬೆಯವನ ಹೆಂಡತಿಗಾಗಿ ಹೊಸದೊಂದು ಬಿನ್ನವತ್ತಳೆ ಬರೆದೆ. ಹೆಸರಿನ ಜಾಗವನ್ನು ಖಾಲಿ ಬಿಟ್ಟೆ. ಅಮಲ್ದಾರರು ಓದದೆ ರುಜು ಹಾಕಿದರು. ಭಾನುವಾರ ಅದನ್ನು ತೆಗೆದುಕೊಂಡು ಮಧುರೆಗೆ ಹೋದೆ.

ಅವಳ ಹೆಸರು ಕೇಳಿ, ಅವಳ ಎದುರಿಗೇ ಬರೆದು, ಓದಿ ಹೇಳಿದೆ. ಅವಳು ಕೇಳಿ ತಲೆಯಾಡಿಸಿ ಕಾಗದವನ್ನು ಗಂಡನ ಕೈಗೆ ಕೊಟ್ಟಳು. ಸಂತೋಷವಾಯಿತೋ ಇಲ್ಲವೋ ತಿಳಿಯಲಿಲ್ಲ. ಆಮೇಲೆ ಕೇಳಿದಳು.

“ಆ ತಮಟೆ ಅಣ್ಣಂದು ಏನಾಯ್ತು ಸ್ವಾಮಿ? ಹೊಸ ತೊಗಲು ಹಾಕಿಸ್ಕಂಡ್ನಾ?”

ನನಗೆ ಗೊತ್ತಿಲ್ಲ ಎಂದೆ.

“ಎಲ್ಲಿ ಸಿಕ್ತದೆ ಈಗ? ಇರೋಬರೋ ತೊಗಲೆಲ್ಲ ಸಿಪಾಯಿಗಳ ಬೂಟಿಗೆ ಹೋಗ್ತಾ ಐತೆ. ನಾನು ಕುರ್ಚಿ ಮೇಲೆ ಕೂತಿದ್ದೆ. ಆವಣ್ಣ ಒಡೆದ ತಮಟೆ ಹಿಡ್ಕಂಡು ಕೆಳಗೆ ನಿಂತಿದ್ದ. ಹಾಡಕ್ಕೆ ಮುಂಚೆ ಅದನ್ನೇ ನೋಡ್ತಿದ್ದೆ. ಆಮ್ಯಾಕೆ ಕಣ್ಣು ಮುಚ್ಕಂಬಿಟ್ಟೆ.”

ಅವಳು ಗುಡಿಸಲಿನೊಳಗೆ ಹೋಗಿ ಮೇಕೆ ತೊಗಲೊಂದನ್ನು ತಂದಳು. ನಾನು ಮೊದಲ ಸಲ ಹೋದಾಗ ಅವಳು ಉಜ್ಜುತ್ತಿದ್ದುದೇ ಅದು. ಹನುಮಂತನ ಗೊಂಬೆಗೆಂದು ಇಟ್ಟುಕೊಂಡಿದ್ದಂತೆ. ಗಂಡ ಅದನ್ನೊಮ್ಮೆ ನೋಡಿ, ಕೈಯಲ್ಲಿದ್ದ ಕಾಗದವನ್ನು ಮಡಿಸತೊಡಗಿದ.

“ಇದನ್ನ ಅವ್ನಿಗೆ ಕೊಡಿ. ಹಳೇ ಹನುಮಂತನೇ ಇನ್ನೊಂದೆರಡು ವರ್ಷ ಬತ್ತಾನೆ,” ಎಂದಳು.

ತೊಗಲನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಇದ್ದಿಲ ಹೊಗೆಯಲ್ಲಿ ಓಡುವ ಆ ಬಸ್ಸು ದಿಣ್ಣೆ ಬಂದಲ್ಲೆಲ್ಲ ನಿಲ್ಲುತ್ತಿತ್ತು. ನಾವೆಲ್ಲ ಇಳಿದು ತಳ್ಳುತ್ತಿದ್ದೆವು. ಎರಡನೆಯ ಸಲ ಹತ್ತಿದಾಗ ಪಕ್ಕದವರು ಮೂಗು ಮುಚ್ಚಿಕೊಂಡು, ಅದೇನ್ರಿ ಕಂಕುಳಲ್ಲಿ ಎಂದು ಕೇಳಿದರು. ಹೇಳಿದೆ. ಅವರು ಎದ್ದು ಬೇರೆ ಕಡೆ ಕೂತರು. ಕಂಡಕ್ಟರು ಬಂದು, “ಮೇಷ್ಟ್ರೇ, ತಪ್ಪು ತಿಳೀಬೇಡಿ, ಮೇಲೆ ಹೋಗಿ ಕೂತ್ಕೊಳಿ,” ಎಂದ. ಸಾಮಾನಿನ ಜೊತೆ ಬಸ್ಸಿನ ತಲೆಯ ಮೇಲೆ ಕೂತು ಊರು ಸೇರಿದೆ. ಮನೆಯಲ್ಲಿ ಅಮ್ಮ ಅದನ್ನು ಒಳಗೆ ತರಲು ಬಿಡಲಿಲ್ಲ. ದನದ ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದೆ. ಸ್ನಾನ ಮಾಡದೆ ಊಟ ಇಲ್ಲ ಎಂದಳು. ಸ್ನಾನ ಮಾಡಿದೆ. ವಾದಿಸುವ ತ್ರಾಣ ನನ್ನಲ್ಲಿರಲಿಲ್ಲ.

ಮುಂದಿನ ಭಾನುವಾರ ಆ ಕೇರಿಗೆ ಹೋದೆ. ತಮಟೆಯವನು ಹೊಂಗೆ ಮರದ ಕೆಳಗೆ ಹಗ್ಗ ಹೊಸೆಯುತ್ತಿದ್ದ. ತೊಗಲು ಕಳಚಿದ ತಮಟೆಯ ಖಾಲಿ ಬಳೆ ಮನೆಯ ಗೋಡೆಗೆ ಒರಗಿತ್ತು. ಬಿನ್ನವತ್ತಳೆ ಕೊಟ್ಟೆ. ಓದಿ ಹೇಳಿ ಎಂದ. ಓದಿದೆ. ನಾನೇ ಬರೆದ ದೊಡ್ಡ ದೊಡ್ಡ ಮಾತುಗಳು ಅವನ ಎದುರಿಗೆ ಓದುವಾಗ ನಾಲಗೆಗೆ ತೊಡರಿದವು.

“ಚೆನ್ನಾಗೈತೆ ಬುದ್ಧಿ,” ಎಂದ. ಅಷ್ಟೇ.

“ಅವತ್ತು ನಾನು ಹೇಳಿದ್ದು ಒಂದು, ಆದದ್ದು ಒಂದು,” ಎಂದೆ. “ನಾನು ಮಾತಾಡ್ಬೇಕಾಗಿತ್ತು. ಮಾತಾಡ್ಲಿಲ್ಲ. ತಪ್ಪಾಯ್ತಪ್ಪ.”

ಅವನು ಹಗ್ಗ ಹೊಸೆಯುವುದನ್ನು ನಿಲ್ಲಿಸಲಿಲ್ಲ. “ನೀವು ಕುರ್ಚಿ ಅಂದಾಗ್ಲೇ ನಂಗೆ ಅನುಮಾನ ಇತ್ತು. ಆದ್ರೂ ಬಂದೆ. ನೋಡನ ಅಂತ ಆಸೆ ಇತ್ತು,” ಎಂದ. ಇನ್ನೊಂದು ಎಳೆ ಸೇರಿಸಿಕೊಂಡು, “ತೊಗಲು ಹೋಯ್ತಲ್ಲ, ಅದೊಂದು ಬೇಜಾರು. ನಮ್ಮಪ್ಪ ಬಿಗಿದಿದ್ದ ತೊಗಲು ಅದು,” ಎಂದ.

ನಾನು ಮೇಕೆ ತೊಗಲನ್ನು ಬಿಚ್ಚಿ ಅವನ ಮುಂದಿಟ್ಟೆ. ಯಾರು ಕೊಟ್ಟರು ಎಂಬುದನ್ನೂ ಹೇಳಿದೆ. ಅವನು ಹಗ್ಗವನ್ನು ಕೆಳಗಿಟ್ಟ. ತೊಗಲನ್ನು ಬೆಳಕಿಗೆ ಹಿಡಿದು, ಉಗುರಿನಿಂದ ತಟ್ಟಿ, ಅಂಚನ್ನು ಬೆರಳಿನಲ್ಲಿ ತಿಕ್ಕಿ ನೋಡಿದ.

“ಆವಮ್ಮನೇ ಹದ ಮಾಡಿದ್ದಾ?”

“ಹೂಂ.”

“ಕೈ ಚೆನ್ನಾಗೈತೆ,” ಎಂದ. “ತಮಟೆಗೆ ಇದು ತೆಳು ಆಯ್ತದೆ. ಕರು ತೊಗಲಿನಷ್ಟು ಸದ್ದು ಬರಾಕಿಲ್ಲ. ಇರ್ಲಿ. ಅದು ಸಿಕ್ಕೋಗಂಟ ಇದೇ ಆಯ್ತದೆ.” ತೊಗಲನ್ನು ನೀರಿನಲ್ಲಿ ನೆನೆಹಾಕಲು ಒಳಗೆ ತೆಗೆದುಕೊಂಡು ಹೋದ. ಅವನು ನಗುವುದನ್ನು ನಾನು ಅಂದು ಕಾಣಲಿಲ್ಲ. ಆದರೆ ನಾನು ಹೊರಟಾಗ ಹಾದಿಯವರೆಗೂ ಜೊತೆಗೆ ಬಂದ.

ಎರಡು ವಾರದ ಮೇಲೆ ಹೋದಾಗ ಹೊಸ ತೊಗಲು ಬಳೆಯ ಮೇಲೆ ಬಿಗಿದು ಒಣಗಿತ್ತು. ಬಾರಿಸಿ ತೋರಿಸಿದ. ಅವನು ಹೇಳಿದ್ದ ಹಾಗೆಯೇ ಸದ್ದು ಸಣ್ಣದಾಗಿತ್ತು, ದೂರಕ್ಕೆ ಹೋಗುವಂಥದ್ದಲ್ಲ. ಅದರಲ್ಲೇ ಸಾವಿಗೆ ಬಾರಿಸುವುದು ಬೇರೆ, ಮದುವೆಗೆ ಬೇರೆ, ದೇವರು ಹೊರಡುವಾಗ ಬೇರೆ, ದಂಡೋರಕ್ಕೆ ಬೇರೆ ಎಂದು ಒಂದೊಂದನ್ನೇ ಬಾರಿಸಿ ಹೇಳಿದ. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮುಂದಿನ ವಾರ ಓದಿ ಹೇಳಿದಾಗ ಎರಡು ತಪ್ಪು ಹಿಡಿದ. ತಿದ್ದಿದೆ. ಹೀಗೆ ಬಹಳ ಭಾನುವಾರ ಹೋದೆ. ಯಾಕೆ ಬರೀತೀರಿ ಎಂದು ಒಮ್ಮೆ ಕೇಳಿದ. ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ.

ನೇಕಾರ ಸಾಬರಿಗೆ ಶಾಲು ಸಿಗಲೇ ಇಲ್ಲ. ನಾನು ಹೋಗಿ ನಡೆದದ್ದೆಲ್ಲ ಹೇಳಿದಾಗ, ಆ ಹೆಂಗಸಿಗೆ ಹೋಯಿತಲ್ಲ, ಒಳ್ಳೆಯದಾಯಿತು ಎಂದರು. ಅವರ ಬಿನ್ನವತ್ತಳೆಯನ್ನು ಕೈಗೆ ಕೊಟ್ಟೆ. ಅಷ್ಟು ಹೊತ್ತೂ ಅವರ ಕಾಲು ಮಗ್ಗ ತುಳಿಯುತ್ತಲೇ ಇತ್ತು. ಸಿಕ್ಕ ಸ್ವಲ್ಪ ನೂಲು ಮುಗಿಯುವುದರೊಳಗೆ ಒಂದು ಸೀರೆಯಾದರೂ ಇಳಿಸಬೇಕೆಂಬ ಅವಸರ ಅವರದ್ದು.

ಮಾರನೆಯ ವರ್ಷ ಬೇರೆ ಅಮಲ್ದಾರರು ಬಂದರು. ಅವರೂ ಸನ್ಮಾನ ಮಾಡಬೇಕೆಂದು ನನ್ನನ್ನು ಕರೆಸಿದರು. ಪಟ್ಟಿಯಲ್ಲಿ ಇರುವವರೆಲ್ಲ ಕಟ್ಟೆಯ ಮೇಲೆ ಕೂರುವ ಹಾಗಿದ್ದರೆ ಬರೆದುಕೊಡುತ್ತೇನೆ ಎಂದೆ. ನನ್ನ ದನಿ ನನಗೇ ಬೇರೆಯವರದ್ದೆಂಬಂತೆ ಕೇಳಿಸಿತು. ಅವರು ನೋಡೋಣ ಎಂದರು. ಆ ಸಭೆ ನಡೆಯಲೇ ಇಲ್ಲ. ಜವಾನ ಮತ್ತೆ ನನ್ನ ತರಗತಿಯ ಬಾಗಿಲಿಗೆ ಬರುವುದು ಕಡಿಮೆಯಾಯಿತು. ಅದರಿಂದ ನನಗೆ ದುಃಖವೇನೂ ಆಗಲಿಲ್ಲ.

ಯುದ್ಧ ಮುಗಿಯಿತು. ದೇಶಕ್ಕೆ ಸ್ವಾತಂತ್ರ್ಯ ಬಂತು. ನಾನು ತಮಟೆಯವನ ಹಳ್ಳಿಗೆ ಹೋಗುವುದು ತಿಂಗಳಿಗೊಮ್ಮೆಯಾಯಿತು, ಆಮೇಲೆ ಇನ್ನೂ ಕಡಿಮೆಯಾಯಿತು. ನನಗೆ ವರ್ಗವಾಗುವ ಮುಂಚೆ ಕೊನೆಯ ಸಲ ಹೋದಾಗ ಸುಗ್ಗಿಯ ಕಾಲ. ಬೆಳಗಿನಿಂದ ಯಾರದ್ದೋ ಕಣದಲ್ಲಿ ರಾಗಿ ಬಡಿದು ಬಂದು ಅವನು ಹೊಂಗೆಯ ನೆರಳಿನಲ್ಲಿ ಮಲಗಿಬಿಟ್ಟಿದ್ದ. ತೋಳಿನ ಮೇಲೆಲ್ಲ ರಾಗಿಯ ಹೊಟ್ಟು ಅಂಟಿತ್ತು. ಎಬ್ಬಿಸಲು ಮನಸ್ಸಾಗಲಿಲ್ಲ. ನನಗೂ ನಡೆದು ಸಾಕಾಗಿತ್ತು. ಅವನ ಪಕ್ಕದಲ್ಲೇ ಸ್ವಲ್ಪ ಹೊತ್ತು ಕೂತಿದ್ದು, ಬಿಸಿಲು ಇಳಿದ ಮೇಲೆ ಎದ್ದು ಬಸ್ಸಿನ ರಸ್ತೆಗೆ ನಡೆದೆ.